ಬೆಲ್ಟೋ, ಚೈನೋ?

ಬೆಳಿಗ್ಗೆ ಒಂಬತ್ತಕ್ಕೆ ಹಳೇ ಕಾರು ಸ್ಟಾರ್ಟ್ ಮಾಡಿದಾಗ ಬಾನೆಟ್ಟಿನೊಳಗಿಂದ ಕರಕರ ಸದ್ದು ಬಂತು, ಯಾರೋ ನಿದ್ದೆಯಲ್ಲಿ ಹಲ್ಲು ಕಡಿದ ಹಾಗೆ. ಗ್ರಂಥಪಾಲಕ ಅದನ್ನು ಕೇಳಿಸಿಕೊಂಡು ತೆಪ್ಪಗಿದ್ದಿದ್ದರೆ ಆಗುತ್ತಿತ್ತು. ರಾತ್ರಿ ನಿದ್ದೆಯಿಲ್ಲದ ಮನುಷ್ಯ ಎಂಜಿನ್ ಆರಿಸಿ, "ಇದೇನಪ್ಪಾ ಸದ್ದು?" ಎಂದು ಗಟ್ಟಿಯಾಗಿ ಅಂದುಬಿಟ್ಟ.

ಅಷ್ಟೇ ಸಾಕಾಯಿತು. ಕಾರ್ಖಾನೆಯ ಲೇತ್ ಯಂತ್ರದಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದ ಲೇತ್ ಅಜ್ಜ ಮಹಡಿಯಿಂದ ಇಳಿದುಬಂದರು. ಎದುರುಮನೆಯ ಡ್ರೈವಿಂಗ್ ಮೇಷ್ಟ್ರು ಗಡ್ಡಕ್ಕೆ ಹಚ್ಚಿದ ಸೋಪಿನ ಸಮೇತ ಓಡಿಬಂದರು. ಇಬ್ಬರೂ ಮಾತು ಬಿಟ್ಟು ಎಂಟು ವರ್ಷ. ಹಾಗಾಗಿ ಒಬ್ಬರಿಗೊಬ್ಬರು ಹೇಳಬೇಕಾದ್ದನ್ನೆಲ್ಲ ಗ್ರಂಥಪಾಲಕನಿಗೇ ಹೇಳುತ್ತಿದ್ದರು.

"ಎಂಜಿನ್ನೊಳಗೆ ವಾಲ್ವು ಪಿಸ್ಟನ್ನು ತಾಳ ತಪ್ಪದ ಹಾಗೆ ನೋಡ್ಕೊಳ್ಳೋ ಟೈಮಿಂಗ್ ಚೈನ್ ಸಡಿಲ ಆಗಿದೆ ಕಣಯ್ಯಾ," ಎಂದರು ಅಜ್ಜ. "ಚೈನು ಗಟ್ಟಿ. ಎಣ್ಣೇಲಿ ಓಡುತ್ತೆ. ಹೋಗೋ ಮುಂಚೆ ಹೀಗೆ ಸದ್ದು ಮಾಡಿ ಹೇಳಿ ಹೋಗುತ್ತೆ."

"ಈ ಕಾರಲ್ಲಿ ಇರೋದು ರಬ್ಬರ್ ಬೆಲ್ಟು ಅಂತ ಅವರಿಗೆ ಹೇಳಿ ಸಾರ್," ಎಂದರು ಮೇಷ್ಟ್ರು. "ಅದು ಹೇಳದೆ ಕೇಳದೆ ಪಟ್ ಅಂತ ಕಿತ್ತೋಗುತ್ತೆ. ಪಿಸ್ಟನ್ ಹೋಗಿ ವಾಲ್ವಿಗೆ ಗುದ್ದುತ್ತೆ. ಎಂಜಿನ್ ಗುಜರಿಗೆ!"

"ಏನಾದ್ರೂ ಇರಲಿ, ಹನ್ನೊಂದಕ್ಕೆ ನಾವು ಆಸ್ಪತ್ರೇಲಿರಬೇಕು," ಎಂದ ಗ್ರಂಥಪಾಲಕ.

ಅವನ ಹೆಂಡತಿ ಅಲ್ಲಿ ನರ್ಸು. ಇಪ್ಪತ್ತೈದು ವರ್ಷದ ಸೇವೆಗೆ ಅಂದು ಅವಳಿಗೆ ಸನ್ಮಾನ. ಅವಳ ಒಂದು ಸಮಾರಂಭಕ್ಕೂ ಹೊತ್ತಿಗೆ ಸರಿಯಾಗಿ ಹೋದವನಲ್ಲ ಈತ; ಪ್ರತಿ ಸಲವೂ ಏನೋ ಒಂದು ಸುಳ್ಳು ನೆಪ. ಈ ಸಲ ಮುಂದಿನ ಸಾಲಿನಲ್ಲೇ ಕೂರುತ್ತೇನೆಂದು ಮಾತು ಕೊಟ್ಟಿದ್ದ.

"ಸ್ಟಾರ್ಟ್ ಮಾಡಿದ್ರೆ ಕೆಟ್ಟಿರಿ!" ಎಂದು ಇಬ್ಬರೂ ಒಟ್ಟಿಗೆ ಕೂಗಿದರು.

ಕಾರಿನಲ್ಲಿ ಕೂತಿದ್ದ ಹೆಂಡತಿ ಕೆಳಗಿಳಿದು ಕೈಗಡಿಯಾರ ನೋಡಿಕೊಂಡಳು. "ನಾನು ಬಸ್ಸಲ್ಲಿ ಹೋಗ್ತೀನಿ. ನೀವು ಇದನ್ನ ಬಗೆಹರಿಸ್ಕೊಂಡು ಬನ್ನಿ."

ಗ್ಯಾರೇಜಿನವರೆಗೂ ಕಾರು ತಳ್ಳಿದ್ದಾಯಿತು. ತಳ್ಳಿದವನು ಗ್ರಂಥಪಾಲಕ. ಉಳಿದಿಬ್ಬರು ಕಾರಿನ ಮೇಲೆ ಕೈಯಿಟ್ಟುಕೊಂಡು, ದನ ಹೊಡೆದುಕೊಂಡು ಹೋಗುವವರಂತೆ ಅಕ್ಕಪಕ್ಕ ನಡೆದರು. ಏರಿನಲ್ಲಿ ಅವನ ಚಪ್ಪಲಿಯ ಉಂಗುಷ್ಟ ಕಿತ್ತುಹೋಯಿತು. ಅಂಗಿ ಬೆನ್ನಿಗೆ ಅಂಟಿಕೊಂಡಿತು. ಅಲ್ಲೇ ರಸ್ತೆಯಲ್ಲಿ ಕೂತುಬಿಡೋಣವೆನ್ನಿಸಿತು.

ಮೆಕ್ಯಾನಿಕ್ಕು ಆಕಳಿಸುತ್ತ ಒಂದೊಂದೇ ಮುಚ್ಚಳ ಬಿಚ್ಚಿದ. ಹನ್ನೊಂದು ಹೊಡೆಯಿತು. ಹನ್ನೆರಡೂ ಹೊಡೆಯಿತು.

"ಬೆಲ್ಟು," ಎಂದ ಕೊನೆಗೆ. ಮೇಷ್ಟ್ರು ಕುಣಿದರು. ಅಜ್ಜನ ಮುಖ ಬಾಡಿತು.

"ತಡೀರಿ," ಎಂದು ಮೆಕ್ಯಾನಿಕ್ಕು ಮತ್ತೊಂದು ಮುಚ್ಚಳ ಎತ್ತಿದ. "ಇಲ್ಲೊಂದು ಪುಟ್ಟ ಚೈನೂ ಇದೆ. ಬೆಲ್ಟು ಒಂದು ಶಾಫ್ಟ್ ತಿರುಗಿಸುತ್ತೆ, ಅಲ್ಲಿಂದ ಇನ್ನೊಂದಕ್ಕೆ ಈ ಚೈನು. ಕೆಲವು ಎಂಜಿನ್ನಲ್ಲಿ ಎರಡೂ ಇರುತ್ತೆ. ನಿಮ್ಮದ್ರಲ್ಲಿ ಬೆಲ್ಟು ಬಿರುಕು ಬಿಟ್ಟಿದೆ, ಚೈನು ಜೋಲು ಬಿದ್ದಿದೆ. ಎರಡನ್ನೂ ಬದಲಾಯಿಸ್ಬೇಕು. ಕಾರು ನಾಲ್ಕು ದಿನ ಇಲ್ಲೇ ಇರಲಿ."

ಅಜ್ಜ ಮೇಷ್ಟ್ರ ಮುಖ ನೋಡಿದರು. ಮೇಷ್ಟ್ರು ಅಜ್ಜನ ಕೈ ಹಿಡಿದುಕೊಂಡರು. "ನಿಮ್ಮ ಕಿವಿಗೆ ಕೈ ಮುಗೀಬೇಕು ಅಜ್ಜಾ!" "ನಿನ್ನ ತಲೆಗೂನೂ ಕಣಯ್ಯಾ!" ಎಂಟು ವರ್ಷದ ಮುನಿಸು ಅಲ್ಲೇ ಕರಗಿತು. ಇಬ್ಬರೂ ಒಂದೇ ಆಟೋದಲ್ಲಿ ನಗುನಗುತ್ತ ಮನೆಗೆ ಹೊರಟರು. ಗ್ರಂಥಪಾಲಕನನ್ನು ಹತ್ತಿಸಿಕೊಳ್ಳುವುದು ಯಾರಿಗೂ ನೆನಪಾಗಲಿಲ್ಲ.

ಎರಡು ಬಸ್ಸು ಬದಲಿಸಿ, ಬರಿಗಾಲಲ್ಲಿ ಅವನು ಆಸ್ಪತ್ರೆ ಮುಟ್ಟಿದಾಗ ಎರಡೂವರೆ. ಸಭಾಂಗಣದಲ್ಲಿ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿಟ್ಟಿದ್ದರು. ಉಳಿದ ಒಂದರ ಮೇಲೆ ಹೆಂಡತಿ, ತೊಡೆಯ ಮೇಲೆ ಪ್ರಮಾಣಪತ್ರ.

"ಏನಾಗಿತ್ತು? ಬೆಲ್ಟೋ, ಚೈನೋ?" ಎಂದಳು.

"ಎರಡೂ."

ಅವಳು ಅವನನ್ನೇ ನೋಡಿದಳು. ಪ್ರಮಾಣಪತ್ರವನ್ನು ಸುರುಳಿ ಸುತ್ತಿದಳು.

"ಇಷ್ಟು ವರ್ಷ ನೀವು ಹೇಳಿದ ಸುಳ್ಳನ್ನೆಲ್ಲ ನಂಬಿದೀನಿ ರೀ," ಎನ್ನುತ್ತ ಎದ್ದಳು. "ಬೆಳಿಗ್ಗೆಯಿಂದ ಇಷ್ಟು ಹೊತ್ತಿತ್ತು. ನಂಬೋ ಹಾಗಿರೋದು ಒಂದು ಹೊಳೀಲಿಲ್ವಾ?"