ಐದು ಮೂಟೆಯೊಳಗೊಬ್ಬ ಕ್ಯಾಪ್ಟನ್

"ಈ ಸಲ ಚಿಕ್ಕಮಗಳೂರಿನ ಫೋಟೋ ಪ್ರದರ್ಶನದಲ್ಲಿ ಗೋಣಿಬೀಡಿನ ಹೆಸರು ಮೆರೆಸದಿದ್ರೆ ನಾನು ಮೊಹಿದ್ದೀನೇ ಅಲ್ಲ!"

ಕಾಫಿ ಲೋಟವನ್ನು ಜಗಲಿಯ ಮೇಲೆ ಕುಟ್ಟಿ ಮೊಹಿದ್ದೀನ್ ಹೀಗೆ ಘೋಷಿಸಿದಾಗ ಬೆಳಿಗ್ಗೆ ಒಂಬತ್ತು ಗಂಟೆ. ಊರಿನ ಕಣ್ಣಿಗೆ ಆತ ಬರೀ ಜೀಪ್ ಮೆಕ್ಯಾನಿಕ್. ಮನೆಯಲ್ಲಿ ಮಾತ್ರ ಬೆರಳುದ್ದದ ನಲವತ್ತೊಂದು ಆಟಿಕೆ ಸಿಪಾಯಿಗಳ ಮಹಾದಂಡನಾಯಕ! ಅವನ್ನು ಊರೂರು ಹುಡುಕಿ ತರುವುದು, ಸಾಲಾಗಿ ನಿಲ್ಲಿಸುವುದು, ನೆಲಕ್ಕೆ ಹೊಟ್ಟೆ ಹಚ್ಚಿ ಮಲಗಿ ಫೋಟೋ ಹೊಡೆಯುವುದು, ಇದೇ ಆತನ ಭಾನುವಾರ.

"ಮೆರೆಸೋದು ಆಮೇಲೆ. ಮೊದ್ಲು ಪಾರ್ಚ್‌ಮೆಂಟ್ ಕಾಫಿಯ ಕಲ್ಲು ಆರಿಸಿಕೊಡಿ ಮಾರಾಯ್ರೆ" ಎಂದಳು ಹೆಂಡತಿ ಕರೀಮುನ್ನೀಸಾ.

"ದಂಡನಾಯಕ ಮೊರ ಹಿಡೀತಾನೇನೆ ಕರೀಮಾ?"

"ಹಿಡಿಯೋ ಕಾಲ ಬರುತ್ತೆ, ಬಿಡಿ" ಎಂದು ಅವಳು ಒಳಗೆ ಹೋದಳು.

ಈ ಸಲದ ಫೋಟೋದ ಯುದ್ಧಕ್ಕೆ ಮರುಭೂಮಿ ಬೇಕಿತ್ತು. ಮೂಡಿಗೆರೆ ಸೀಮೆಯಲ್ಲಿ ಮರುಭೂಮಿಯೆಲ್ಲಿ? ಯಾಕಿಲ್ಲ, ಮನೆ ಮುಂದಿನ ಕಣದಲ್ಲೇ ಇತ್ತು! ಹಿತ್ತಲಿನ ಎರಡೆಕರೆಯ ಕಾಫಿ ಹಣ್ಣು ಸಿಪ್ಪೆ ಕಳಚಿ, ತೊಳೆಸಿಕೊಂಡು, ಪಾರ್ಚ್‌ಮೆಂಟಾಗಿ ಎಂಟು ದಿನದಿಂದ ಬಿಸಿಲಿಗೆ ಬಿದ್ದಿತ್ತು. ಹೊಂಬಣ್ಣದ ಮರಳೇ ಸರಿ. ಮೊಹಿದ್ದೀನ್ ಅದರ ಮೇಲೆ ಸೈನ್ಯ ನಿಲ್ಲಿಸಿದ. ಎಲ್ಲರ ಮುಂದೆ ಕೆಂಪು ಕೋಟಿನ ಕ್ಯಾಪ್ಟನ್.

ಈ ಕ್ಯಾಪ್ಟನ್ ವಿಷಯ ಸ್ವಲ್ಪ ಹೇಳಬೇಕು. ಮದುವೆಯಾದ ವರ್ಷ ಕರೀಮುನ್ನೀಸಾ ತಾನು ರವಿಕೆ ಹೊಲಿದು ಗಳಿಸಿದ ಮೊದಲ ದುಡ್ಡಿನಲ್ಲಿ ಗಂಡನಿಗೆ ತಂದುಕೊಟ್ಟ ಗೊಂಬೆ ಅದು. ಉಳಿದ ನಲವತ್ತು ಜನ ಇವನ ಹಿಂದೆ ಬಂದವರು. ಮಗಳು ಬುಷ್ರಾ ಹಲ್ಲು ಬರುವಾಗ ಕಚ್ಚಿ ಅವನ ಕತ್ತಿ ಮುರಿದಿದ್ದಳು. ಆದರೂ ಮೊಹಿದ್ದೀನ್‌ಗೆ ಅವನೆಂದರೆ ಪ್ರಾಣ.

ಇನ್ನೇನು ಕ್ಲಿಕ್ ಅನ್ನಬೇಕು, ಅಡುಗೆಮನೆ ಕಿಟಕಿಯಿಂದ ಕೂಗು ಕೇಳಿತು.

"ರೀ! ದೇವರಮನೆ ಗುಡ್ಡದ ಕಡೆ ಮೋಡ!"

ಕಾಫಿ ಒಣಗುವ ಕಾಲದಲ್ಲಿ ಈ ಕೂಗು ಬಿದ್ದರೆ ಊಟಕ್ಕೆ ಕೂತವರೂ ಎಂಜಲು ಕೈಯಲ್ಲೇ ಓಡುತ್ತಾರೆ. ಕರೀಮುನ್ನೀಸಾ ಓಡಿ ಬಂದಳು, ಕಣದ ನಡುವೆ ಒಮ್ಮೆ ಬಗ್ಗಿ ಎದ್ದಳು, ಸೆರಗು ಸಿಕ್ಕಿಸಿದಳು, ಕಾಫಿ ಬಳಿಯುವ ಹಲಗೆ ಹಿಡಿದಳು. ಗಾಬರಿಯಲ್ಲಿ ಮೊಹಿದ್ದೀನ್ ತಾನೂ ಒಂದು ಹಲಗೆ ಎಳೆದ. ಕಾಫಿಯ ಜೊತೆ ಸೈನ್ಯವೂ ಗುಡ್ಡೆಯಾಯಿತು! ಗುಡ್ಡೆಗೆ ಹೊದಿಸಿದ ಟಾರ್ಪಾಲಿನ ಕೆಳಗೆ ಕೈಯಾಡಿಸಿ ಎಷ್ಟು ತಡಕಿದರೂ ಸಿಕ್ಕಿದ್ದು ನಲವತ್ತು. ಕ್ಯಾಪ್ಟನ್ ನಾಪತ್ತೆ!

ಬಂದದ್ದು ನಾಲ್ಕು ಹನಿ. ಆದರೂ "ಇನ್ನು ಈ ಮೋಡ ನಂಬೋದು ಬೇಡ, ಹೇಗೂ ಒಣಗಿದೆ" ಎಂದು ಕರೀಮುನ್ನೀಸಾ ಸಂಜೆಯೊಳಗೆ ಐದು ಮೂಟೆ ಕಟ್ಟಿಸಿ ಜಗಲಿಗೆ ಏರಿಸಿಬಿಟ್ಟಳು.

ಕ್ಯಾಪ್ಟನ್ ಮೂಟೆಯೊಳಗೇ ಹೋದ ಅಂತ ಮೊಹಿದ್ದೀನ್ ಹೆಂಡತಿಗೆ ಹೇಳುವುದು ಹೇಗೆ? 'ನೀನು ಕೊಟ್ಟಿದ್ದನ್ನೇ ಕಳೆದೆ' ಎಂದು ಯಾವ ಬಾಯಲ್ಲಿ ಹೇಳುವುದು? ಮರುದಿನ ಬೆಳಿಗ್ಗೆ ದಂಡನಾಯಕರು ಗ್ಯಾರೇಜಿಗೆ ರಜೆ ಹಾಕಿ, ಜಗಲಿಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತು ಮೊರ ಹಿಡಿದರು!

"ಏನ್ರೀ ಇದು?"

"ಕಲ್ಲು ಆರಿಸ್ತಿದೀನಿ. ನೀನೇ ಹೇಳಿದ್ಯಲ್ಲ!"

"ಹೌದಲ್ಲ" ಎಂದಳು ಅವಳು. ಇನ್ನೊಂದು ಲೋಟ ಕಾಫಿಯನ್ನೂ ತಂದಿಟ್ಟಳು.

ಮೊದಲ ದಿನ ಎರಡು ಮೂಟೆ. ಕಲ್ಲು, ಸಿಪ್ಪೆ, ಒಡಕು ಬೀಜ, ಒಂದು ಅಂಗಿ ಗುಂಡಿ ಸಿಕ್ಕವು. ಎರಡನೇ ದಿನ ಮತ್ತೆರಡು. ಸೊಂಟ ಹಿಡಿಯಿತು, ಕಣ್ಣು ಉರಿಯಿತು, ಕ್ಯಾಪ್ಟನ್ ಇಲ್ಲ. ರಾತ್ರಿ ಊಟ ಸೇರಲಿಲ್ಲ. ಮೂರನೇ ದಿನ ಕೊನೆಯ ಮೂಟೆಯ ತಳ ಕಂಡಿತು, ಉಳಿದ ಬೀಜ ಮೊರಕ್ಕೆ ಬಿತ್ತು, ಅಲ್ಲೂ ಕ್ಯಾಪ್ಟನ್ ಇಲ್ಲ. ಇಪ್ಪತ್ತೆರಡು ವರ್ಷ ಜೋಪಾನ ಮಾಡಿದ್ದು ಹೋಯಿತಲ್ಲ ಎಂದು ದುಃಖವೇ ಬಂದುಬಿಟ್ಟಿತು. ಮುಖ ತೊಳೆಯುವ ನೆಪ ಮಾಡಿ ನಲ್ಲಿಯ ಹತ್ತಿರ ಹೋಗಿ ಬಂದ.

ಬಂದು ನೋಡಿದರೆ, ಕೊನೆಯ ಮೊರದ ನಟ್ಟನಡುವೆ ಕೆಂಪು ಕೋಟು!

"ಸಿಕ್ಕಿದ! ಸಿಕ್ಕಿದ ಕಣೇ!"

"ಯಾರು? ಕಲ್ಲಾ?" ಎಂದಳು ಕರೀಮುನ್ನೀಸಾ, ಬಾಗಿಲಿಗೆ ಒರಗಿ.

ಮೊಹಿದ್ದೀನ್ ಕ್ಯಾಪ್ಟನ್ನನ್ನು ತಿರುಗಿಸಿ ನೋಡಿದ. ಕೈಯಲ್ಲಿ ಹೊಸ ಕತ್ತಿ! ಹೊಲಿಗೆ ಯಂತ್ರದ ಸೂಜಿಯ ತುಂಡು, ಕೆಂಪು ದಾರದಲ್ಲಿ ಬಿಗಿಯಾಗಿ ಸುತ್ತಿ ಕಟ್ಟಿತ್ತು. ಮೂಟೆಯೊಳಗೆ ಸೂಜಿ ಕಟ್ಟುವವರು ಯಾರೂ ಇರಲಿಲ್ಲ.

"ಕರೀಮಾ... ಇವನು ನಿನ್ ಹತ್ರ ಇದ್ನಾ?"

"ಮೋಡ ಬಂದಾಗ ಮೊದ್ಲು ಎತ್ತಿಕೊಂಡಿದ್ದೇ ಇವನನ್ನ. ಕಾಫಿ ನೆನೆದ್ರೆ ಮತ್ತೆ ಒಣಗಿಸ್ಬಹುದು. ಇವನನ್ನ ನೀವು ತುಳಿದುಬಿಟ್ರೆ?"

ಮೊಹಿದ್ದೀನ್ ಸೊಂಟ ಹಿಡಿದುಕೊಂಡು ನೆಟ್ಟಗಾದ. ಹೆಂಡತಿಯ ಮೇಲೆ ಉಕ್ಕಿದ ಪ್ರೀತಿಗೂ ಸೊಂಟದ ನೋವಿಗೂ ಜಗಳ ಹತ್ತಿತು.

"ಮತ್ತೆ ಮೂರು ದಿನ ಯಾಕೆ ಸುಮ್ನಿದ್ದೆ?"

"ಇಪ್ಪತ್ತೆರಡು ವರ್ಷಕ್ಕೆ ಮೊದಲ ಸಲ ಮೊರ ಹಿಡಿದಿದ್ರಿ. ಒಳ್ಳೆ ಕೆಲಸಕ್ಕೆ ನಾನ್ಯಾಕೆ ಅಡ್ಡ ಬರ್ಲಿ?"

ದಂಡನಾಯಕರು ಶರಣಾದರು. ಕ್ಯಾಪ್ಟನ್ನನ್ನು ಅವಳ ಅಂಗೈ ಮೇಲೆ ನಿಲ್ಲಿಸಿ ಫೋಟೋ ಹೊಡೆದು, "ಪ್ರದರ್ಶನಕ್ಕೆ ಇದೇ ಹೋಗೋದು" ಎಂದರು.

"ಕಳಿಸಿ. ಆದ್ರೆ ಕ್ಯಾಪ್ಟನ್ ನಾಳೆ ಬೇಕಂತೆ" ಎಂದಳು ಕರೀಮುನ್ನೀಸಾ.

"ಯಾರಿಗೆ?"

"ಪಕ್ಕದ ಮನೆ ಕುಸುಮಂಗೆ. ಅವರ ಜಗಲಿಯಲ್ಲೂ ನಾಲ್ಕು ಮೂಟೆ ಇದೆಯಂತೆ. ಅವಳ ಗಂಡ ಪ್ರಸಾದ್ ಕೈಯಲ್ಲಿ ಇವನನ್ನ ಕಳೆದುಹಾಕಿಸ್ತಾಳಂತೆ!"