ಪೋಕರಿಗೆ ಒಗ್ಗದ ನನ್ನ ಮುಖ

ಇಂಥಾವೆಲ್ಲ ನನಗ ಯಾಕ ಆಗತಾವೋ ಗೊತ್ತಿಲ್ಲ. ಮಂದಿ ಸುಮ್ಮನ ದಾಟಿ ಹೋಗೂ ಹಾದ್ಯಾಗ ನಾ ಹೋದರ, ಒಂದು ಫಜೀತಿ ನನಗಂತನ ಕಾಯಕೋತ ಕೂತಿರತದ.

೧. ಬನಿಯನ್ ಹಾಕಿದ ಹುಲಿ

ಎರಡು ಸಾವಿರದ ಇಸವಿ ದಾಟಿ ನಾಕೈದು ವರ್ಷ ಆಗಿತ್ತು. ನಾ ಪುಣೆ ಹತ್ರ ರಾಂಜಣಗಾಂವದ ಒಂದು ಕಾರಖಾನ್ಯಾಗ ಸ್ಟೋರ್ಸ್ ನೋಡಕೋತಿದ್ದೆ. ಮನಿಗೆ ಕಂಪ್ಯೂಟರ್ ಬಂತು, ಫೋನಿನ ತಂತಿಗೇ ನೆಟ್ ಜೋಡಿಸಿದರು. ಅದರಾಗ ನನಗ ಪೋಕರ್ ಅನ್ನೂ ಇಸ್ಪೀಟ್ ಆಟ ಸಿಕ್ಕಿತು. ಕೈಯಾಗ ಎರಡು ಎಲಿ, ನಡುವ ಎಲ್ಲಾರಿಗೂ ಕಾಣೂ ಹಂಗ ಐದು ಎಲಿ. ನಿಮ್ಮ ಎಲಿ ಛಲೋ ಅದಾವೋ ಕೆಟ್ಟ ಅದಾವೋ ಎದುರಿನವರಿಗೆ ತಿಳೀಬಾರದು. ಎಲ್ಲಾ ಕೂಡಿಸಿ ದೊಡ್ಡ ಜೋಡಿ ಮಾಡಿದವ ಗೆದ್ದ, ಅಂಜಿ ಎಲಿ ಕೆಳಗಿಟ್ಟವ ಸೋತ. ಪಣಕ್ಕ ಹಚ್ಚಲಿಕ್ಕೆ ಖರೇ ರೊಕ್ಕ ಇಲ್ಲ, ಸೈಟಿನವರು ಕೊಟ್ಟ ಪುಗಸಟ್ಟೆ ಬಿಲ್ಲೆ.

ಏನು ಹೇಳಲಿ ಆ ಬೆರಗು! ನಾ ಪುಣೆದಾಗ ಲುಂಗಿ, ಬನಿಯನ್ ಮ್ಯಾಲೆ ಕೂತೀನಿ, ನಾರ್ವೆದವ ಒಬ್ಬ ನನಗಂಜಿ ಎಲಿ ಕೆಳಗಿಡತಾನ! ನನ್ನ ಮುಖ ಅವಗೆಲ್ಲಿ ಕಾಣತದ? ಛಲೋ ಎಲಿ ಬಂದರ ಕುಣೀತಿದ್ದೆ, ಕೆಟ್ಟ ಎಲಿ ಬಂದರ ಹಣಿ ಬಡಕೋತಿದ್ದೆ, ಪರದೆ ಮ್ಯಾಲೆ ಮಾತ್ರ ನಾ ಭಾಳ ಗಂಭೀರ ಮನಷ್ಯಾ.

ಹೆಂಡತಿಗೆ ಮಾತ್ರ ಸಿಟ್ಟು. "ತಾಸುಗಟ್ಟಲೆ ಫೋನ್ ಎಂಗೇಜ್ ಇರತದ. ಗದಗದಾಗ ನನ್ನ ತಂಗಿ ಬಸುರಿ ಅದಾಳ, ಆಕಿ ಫೋನ್ ಹತ್ತವಲ್ತು. ಆ ನೆಟ್ ತಗಸ್ರಿ," ಅಂತಿದ್ದಳು. ನೆಟ್ ಉಳೀತದೋ ಹೋಗತದೋ ಅನ್ನೂದ ಆ ವರ್ಷ ನನ್ನ ದೊಡ್ಡ ಚಿಂತಿ.

ಒಂದಿನ ನನಗ ಮೂರು ರಾಜಾ ಕೂಡಿದ್ದವು, ಬಿಲ್ಲೆ ಅರ್ಧಕ್ಕರ್ಧ ಹಚ್ಚಿದ್ದೆ. ಹೆಂಡತಿ ಊಟಕ್ಕ ಕರದಳು. ಇದೊಂದು ಆಟ ಮುಗಿಸಿ ಏಳೂಣು ಅಂದಕೊಂಡೆ. ಆದರ ಜೋಡಿ ಕೂತವರಿಗೆ ಹೇಳದ ಏಳೂದು ಹ್ಯಾಂಗ? ಎಂಟೂ ಮಂದಿಗೆ ಹೆಸರು ಹಿಡಿದು, 'ಬರತೀನ್ರಿ, ತಪ್ಪ ತಿಳೀಬ್ಯಾಡ್ರಿ' ಅನ್ನೂದನ್ನ ಹರಕು ಇಂಗ್ಲಿಷಿನ್ಯಾಗ ಒಂದೇ ಬಟ್ಟಿನಿಂದ ಟೈಪ್ ಮಾಡಕೋತ ಕೂತೆ. ಐದನೇದವನ ಹೆಸರಿಗೆ ಬರೂದ್ರಾಗ ನನ್ನ ಸರತಿಯ ಟೈಮ್ ಮುಗೀತು. ಕಂಪ್ಯೂಟರ್ ತಾನ ನನ್ನ ಎಲಿ ಕೆಳಗಿಟ್ಟಿತು. ಮೂರು ರಾಜಾ ಹಿಡಕೊಂಡು, ನಮಸ್ಕಾರ ಹೇಳಿ ಸೋತಾವ ಜಗತ್ತಿನ್ಯಾಗ ನಾ ಒಬ್ಬನ ಇರಬೇಕು.

೨. ಹಡಗಿನ ಮ್ಯಾಲೆ ಪೂಜಿ

"ಎದುರಿಗೆ ಮನಷ್ಯಾರ ಇಲ್ಲದಾಗ ಎಲ್ಲಾರೂ ಶೂರರ," ಅಂದಳು ಹೆಂಡತಿ. "ಖರೇ ಮಂದಿ ಮುಂದ ಕೂತು ಒಂದ ಒಂದು ಆಟ ಗೆದ್ದು ಬರ್ರಿ. ನೆಟ್ ಇಟಗೋರಿ. ಸೋತರ ತಂತಿ ನಾ ಕೀಳತೀನಿ."

ಕಾತ್ರಜದಾಗ ಹೋಟೆಲ್ ನಡಸೂ ಉಡುಪಿ ಕಡೆಯ ಗೆಳೆಯಾ ಒಬ್ಬ ಇದ್ದ. ಅವನ್ನ ಕರಕೊಂಡು ಗೋವಾದ ಬಸ್ ಹತ್ತಿದೆ. ಅಲ್ಲಿ ನದ್ಯಾಗ ನಿಂತ ಹಡಗೇ ಕ್ಯಾಸಿನೋ. ಒಳಗ ಕಾಲಿಟ್ಟೆ, ಅಬ್ಬಬ್ಬಾ! ಗುಲಗಂಜಿ ಬಣ್ಣದ ಗಾಲೀಚೆ, ಬಿಲ್ಲೆಗಳ ಟಕಟಕ ಸಪ್ಪಳ. ಎಲಿ ಹಂಚೂ ಹುಡಿಗಿ ಕೈ ನೋಡಕೋತ ನಾ ಐದು ನಿಮಿಷ ಬಾಯಿ ಮುಚ್ಚಲಿಲ್ಲ.

ಗೆಳೆಯಾ ಆಡಲಿಲ್ಲ, ನನ್ನ ಹಿಂದ ನಿಂತ. ಮೊದಲನೇ ಆಟದಾಗ ಯಾರ ಹತ್ರ ಏನದ ಅನ್ನೂದು ನನ್ನ ಕಿವ್ಯಾಗ ಕನ್ನಡದಾಗ ಹೇಳಿದ. ಎಲಿ ತೆರದಾಗ ಎಲ್ಲಾ ಬರೋಬ್ಬರಿ, ನನ್ನ ಎಲಿ ಕೆಟ್ಟಿದ್ದಕ್ಕ ಆಟ ಮಾತ್ರ ಹೋತು! ನಾ ದಂಗಾದೆ. "ಹ್ಯಾಂಗೋ ಮಾರಾಯಾ?" ಅಂದೆ.

"ಇಪ್ಪತ್ತು ವರ್ಷ ಗಲ್ಲಾದಲ್ಲಿ ಕೂತವ ನಾನು. ಮನಸ್ಸಿನಲ್ಲಿ ಮಸಾಲೆ ದೋಸೆ ಇಟ್ಟುಕೊಂಡು ಬಾಯಲ್ಲಿ ಇಡ್ಲಿ ಹೇಳುವವನ ಮುಖ ನನಗೆ ಗೊತ್ತಿಲ್ಲವಾ ಮಾರಾಯ್ರೆ?"

ಎಲಿ ಹಂಚೂ ಹುಡಿಗಿ ಅವನ್ನ ದೂರ ಸರಿಸಿದಳು. ಎರಡನೇ ಆಟಕ್ಕ ನಾ ಒಬ್ಬನ. ಎಲಿ ಎತ್ತಿ ನೋಡತೀನಿ, ಎರಡೂ ಎಕ್ಕಾ! ಇದಕ್ಕಿಂತ ದೊಡ್ಡ ಜೋಡಿ ಆಟದಾಗ ಇಲ್ಲ. ತುಟಿ ಕಚ್ಚಿದೆ, ನಗಲಿಲ್ಲ, ಕುಣೀಲಿಲ್ಲ. ಭಾಳ ಶಾಂತ ಇದ್ದೀನಿ ಅಂತ ನನಗ ನಾನ ಶಾಭಾಸ್ ಅಂದಕೊಂಡೆ.

ನೋಡಿದರ ಮಂದಿ ಪಟಪಟ ಎಲಿ ಕೆಳಗಿಟ್ಟರು, ಒಬ್ಬರೂ ಉಳೀಲಿಲ್ಲ. ನನಗ ಗೊತ್ತಿಲ್ಲದಂಗ ನಾ ಎಲಿ ಎರಡೂ ಕಣ್ಣಿಗೆ ಒತ್ತಿಕೊಂಡಿದ್ದೆನಂತ, ದೇವರ ಪ್ರಸಾದ ತಗೊಂಡಂಗ! ಬಾಜೂಕ ಕೂತ ಮುದುಕಪ್ಪ ಮರಾಠಿಯೊಳಗ ಕೇಳಿದ, "ಸಾಹೇಬರ, ಮಂಗಳಾರತಿ ಯಾವಾಗ?"

೩. ಶೇಂಗಾದ ಪೋಕರ್

ಒಬ್ಬನೂ ಆಡದ ಗೆದ್ದದ್ದು ಗೆದ್ದಂಗಲ್ಲ ಅಂತ ಹೆಂಡತಿ ತೀರ್ಪು ಕೊಟ್ಟಳು. ನಾ ಹಟ ಹಿಡದೆ. ಕಡೀಕ ಆಕೀನ ಅಂದಳು: "ಆತು, ನನ್ನ ಜೋಡೀನ ಆಡ್ರಿ. ಮೂರರಾಗ ಎರಡು ಗೆದ್ದವರದು ಮಾತು ನಡೀಬೇಕು."

ನಾ ಒಳಗೊಳಗ ನಕ್ಕೆ. ಈಕಿಗೆ ಆಟ ಕಲಿಸಿದಾವ ನಾನ, ಅದೂ ಹಿಂದಿನ ವಾರ. ರವಿವಾರ ಮಧ್ಯಾಹ್ನ ಊಟ ಆದ ಮ್ಯಾಲೆ ಕೂತೆವು. ಬಿಲ್ಲೆ ಬದಲಿ ಒಂದೊಂದು ಬಟ್ಟಲ ಶೇಂಗಾ. ಎಲಿ ಹಂಚಲಿಕ್ಕೆ ಹೋಟೆಲ್ ಗೆಳೆಯಾ. ಮುಖ ಕಾಣಬಾರದಂತ ನಾ ಕರೀ ಚಶ್ಮಾ, ಗದ್ದದ ತನಕ ಮಂಕಿ ಟೋಪಿ ಹಾಕಿಕೊಂಡಿದ್ದೆ, ಮೇ ತಿಂಗಳ ಬಿಸಲಾಗ!

ಮೊದಲನೇ ಆಟದಾಗ ನನ್ನ ಎಲಿ ತೀರಾ ಪುಸ್ಕಿ. ಅಂಜಸೂಣು ಅಂತ ಅರ್ಧ ಶೇಂಗಾ ಮುಂದ ನೂಕಿ, ಏನೂ ಆಗಿಲ್ಲ ಅನ್ನೂವರಗತೆ ಅಂದೆ: "ಇವತ್ತ ಝುಣಕಾ ಭಾಳ ಛಲೋ ಆಗಿತ್ತು ನೋಡು."

ಆಕಿ ತಟ್ಟನ ಅಷ್ಟ ಶೇಂಗಾ ಹಚ್ಚಿ ಎಲಿ ತೋರಿಸಿ ಗೆದ್ದಳು. "ಏನರ ಮುಚ್ಚಿಡೂ ಮುಂದಷ್ಟ ನೀವು ನನ್ನ ಅಡಗಿ ಹೊಗಳೂದು. ಲಗ್ನ ಆದಾಗಿಂದ ನೋಡೀನಿ," ಅಂದಳು. ಚಶ್ಮಾದೊಳಗ ನನ್ನ ಕಣ್ಣು ಕತ್ತಲಾತು.

ಎರಡನೇ ಆಟದಾಗ ಬಾಯಿ ಬಿಗಿಹಿಡದೆ. ದೇವರ ದಯಾ, ಮೂರು ರಾಣಿ ಕೂಡಿದವು! ಆದರ ನಡುವಿನ ಐದರಾಗ ನಾಕು ಎಲಿ ಕೆಂಪು ಹೃದಯದವು. ಒಂದೇ ಥರದ ಐದು ಕೂಡಿದರ ಮೂರು ರಾಣಿಗಿಂತ ದೊಡ್ಡದು; ಅಂಥಾದ್ದ ಇನ್ನೊಂದು ಆಕಿ ಕೈಯಾಗಿದ್ದರ ನನ್ನ ರಾಣಿ ಮುಗದಂಗ. ಆಕಿ ಶೇಂಗಾ ಪೂರಾ ಮುಂದ ನೂಕಿದಳು. ನಾ ಚಶ್ಮಾ ತಗದು ಆಕಿ ಮುಖ ನೋಡಿದೆ. ಅಕ್ಕಿ ಆರಿಸಕೋತ ಕೂತವರ ಮುಖ! ಕಣ್ಣು, ಹುಬ್ಬು, ಏನೂ ಅಲಗಲಿಲ್ಲ. ಗೆಳೆಯಾನ ಕಡೆ ನೋಡಿದರ ಅವನೂ ಬೆವತಿದ್ದ. ನನ್ನ ಜೀವ ನೆಟ್ಟಿನ್ಯಾಗಿತ್ತು. ಕೆಳಗಿಟ್ಟರೂ ಸೋತಂಗನ ಅನ್ನೂದು ಮರತು, ಅಂಜಿ ಎಲಿ ಕೆಳಗಿಟ್ಟೆ.

ಆಕಿ ತನ್ನ ಎಲಿ ತಿರುವಿದಳು. ಒಂದು ಎರಡು, ಒಂದು ಏಳು, ಎರಡೂ ಕರೀವು. ಏನೇನೂ ಇರಲಿಲ್ಲ!

ಗೆಳೆಯಾ ಎದ್ದು ನಿಂತು ಕೈ ಮುಗದ. "ಅಕ್ಕಾ, ಇಂಥ ಮುಖ ನಾನು ಕಂಡದ್ದಿಲ್ಲ," ಅಂದ. ನಾನೂ ಮುಗದೆ. ಆಕಿ ಕಂಪ್ಯೂಟರಿನ ತಂತಿ ಕಿತ್ತು, ಅಚ್ಚುಕಟ್ಟಾಗಿ ಸುತ್ತಿ ಖಾಲಿ ಡಬ್ಬ್ಯಾಗ ಹಾಕಿದಳು.

"ಎಲ್ಲಿ ಕಲತಿ ಇದನ್ನ?" ಅಂದೆ.

"ನಿಮ್ಮ ಅವ್ವ ವರ್ಷಾ ವರ್ಷಾ ಬಂದು ಎರಡು ತಿಂಗಳು ಇರತಿದ್ದರಲ್ಲಾ? ಹೊಂಟು ನಿಂತಾಗ 'ಇನ್ನೊಂದು ತಿಂಗಳು ಇರ್ರಿ ಅತ್ತಿ' ಅಂತಿದ್ದೆ. ಆವಾಗ ನನ್ನ ಮುಖ ನೋಡಿ ನಿಮಗೇನರ ತಿಳಿದಿತ್ತೇನು?"

"ಇಲ್ಲಬಿಡು. ಖರೇನ ಅಂತೀ ಅಂದಕೊಂಡಿದ್ದೆ."

"ಅವರಿಗೆ ತಿಳೀತಿತ್ರಿ," ಅಂದಳು ಡಬ್ಬಿ ಮುಚ್ಚಳ ಬಿಗಿ ಮಾಡಕೋತ. "ಅದಕ್ಕ ಪ್ರತಿ ಸಲ ಇನ್ನೊಂದು ತಿಂಗಳು ಇದ್ದ ಹೋಗತಿದ್ದರು."