ಇಂಜಿನ್ನಿನ ಮುಖಲಕ್ಷಣ

ಮೊದಲೇ ಹೇಳಿಬಿಡುತ್ತೇನೆ, ಇದರಲ್ಲಿ ಕೋತಿ ನಾನೇ. ತುಂಬಿದ ಸಭೆಯಲ್ಲಿ ಸೋದರಮಾವನನ್ನು ಅಣಕಿಸಿ, ಚಪ್ಪಾಳೆ ಗಿಟ್ಟಿಸಿ, ಆಮೇಲೆ ಎರಡು ವಾರ ಅವರಿಗೆ ಮುಖ ತೋರಿಸಲಾರದೆ ತಲೆಮರೆಸಿಕೊಂಡವನು ನಾನು. ಆದರೆ ನೀವೇ ಹೇಳಿ, ಹೆಂಡತಿ ಹೊಸ ಕನ್ನಡಕ ಹಾಕಿಕೊಂಡದ್ದನ್ನು ಮೂರು ತಿಂಗಳು ಗಮನಿಸದ, ರೈಲಿನ ಇಂಜಿನ್ನಿಗೆ ಹಣೆ ಎರಡಂಗುಲ ಜಾಸ್ತಿಯಾದರೆ ಮಾತ್ರ ಊಟ ಬಿಡುವ ಮನುಷ್ಯ ಕೈಗೆ ಸಿಕ್ಕರೆ, ಮಿಮಿಕ್ರಿ ಮಾಡುವವನು ಸುಮ್ಮನಿರುವುದು ಹೇಗೆ?

ಮಾವ ಅಮೆರಿಕದಲ್ಲಿ ವಿಮಾನದ ರೆಕ್ಕೆಗಳ ಲೆಕ್ಕ ಹಾಕುತ್ತಾ ನಿವೃತ್ತರಾದ ಇಂಜಿನಿಯರು. ವಿಮಾನಗಳ ಬಗ್ಗೆ ಅವರಿಗೆ ಯಾವ ಅಭಿಪ್ರಾಯವೂ ಇಲ್ಲ! ಹುಟ್ಟಿ ಬೆಳೆದದ್ದು ಅರಸೀಕೆರೆ ಜಂಕ್ಷನ್ನಿನ ಮಗ್ಗುಲಲ್ಲಿ. ಕಣ್ಣುಗಳನ್ನು ಅಲ್ಲೇ ಬಿಟ್ಟು ಬಂದಿದ್ದಾರೆ. ಶನಿವಾರ ಬೆಳಗಾದರೆ ನಾನು ಮಿಲ್ ಕ್ರೀಕ್‌ನ ಅವರ ಮನೆಗೆ ಹೋಗಿ, ಅವರನ್ನು ಎಡ್ಮಂಡ್ಸ್ ಸ್ಟೇಷನ್ನಿಗೆ ಕರೆದೊಯ್ಯಬೇಕು. ಅಲ್ಲಿ ಹಳಿಯ ಪಕ್ಕದಲ್ಲೇ ಸಮುದ್ರ. ಊರೆಲ್ಲ ಸಮುದ್ರ ನೋಡಲು ಬಂದರೆ ಮಾವ ಸಮುದ್ರಕ್ಕೆ ಬೆನ್ನು ಹಾಕಿ ನಿಲ್ಲುತ್ತಾರೆ.

ಗೂಡ್ಸ್ ರೈಲು ಬಂತೆನ್ನಿ. "ನೋಡೋ, ಫ್ರಿಜ್ಜನ್ನ ಮಲಗ್ಸಿ ಚಕ್ರ ಹಾಕಿದಾರೆ!" ಹೊಸ ಮಾದರಿಯ ಪ್ಯಾಸೆಂಜರ್ ಡೀಸೆಲ್ ಬಂತೋ, ಇನ್ನೂ ಕಷ್ಟ. "ಗಡ್ಡ ತೆಗೆಯೋ ಟ್ರಿಮ್ಮರ್ ಕಣೋ ಇದು. ಮೂಗೆಲ್ಲಿದೆ? ಡೀಸೆಲ್ ಇಂಜಿನ್ ಅಂದ್ರೆ ಎದುರಿಗೆ ಬಂದಾಗ ನಮಸ್ಕಾರ ಹೇಳೋಣ ಅನ್ನಿಸ್ಬೇಕು. ಒಂದು ಲಕ್ಷಣ ಬೇಡ್ವಾ?"

ಈ 'ಲಕ್ಷಣ' ಮಾವನ ಸುಪ್ರೀಂ ಕೋರ್ಟು. ಸ್ಟೇಷನ್ನಿಗೆ ಕ್ಯಾಮೆರಾ ಹಿಡಿದು ಬರುವ ಬಿಳಿಗಡ್ಡದ ಅಮೆರಿಕನ್ ಅಜ್ಜನೊಬ್ಬನಿಗೆ ಹೊಸ ಇಂಜಿನ್ನೆಂದರೆ ಪ್ರಾಣ. ಅವನಿಗೆ ಲಕ್ಷಣ ಎಂದರೇನೆಂದು ತಿಳಿಸಲು ಮಾವ ಹೊರಟರು. 'ಬ್ಯೂಟಿಫುಲ್' ಎಂದರು, ಅಲ್ಲವೆಂದು ತಾವೇ ತಲೆಯಾಡಿಸಿದರು. 'ಹ್ಯಾಂಡ್‌ಸಮ್' ಎಂದರು, ಅದೂ ಅಲ್ಲ. ಈ ಪಾಠದ ನಡುವೆ ಉದ್ದನೆಯ ಗೂಡ್ಸೊಂದು ಹಾದುಹೋಯಿತು, ಇಬ್ಬರೂ ನೋಡಲಿಲ್ಲ! ಮುಂದಿನ ಶನಿವಾರ ಅಜ್ಜ ಕಾರ್ ಪಾರ್ಕಿಂಗಿನಿಂದಲೇ ಕೂಗಿದ: "ಗುಡ್ ಮಾರ್ನಿಂಗ್! ಟುಡೇ, ನೋ ಲಕ್ಷಣ!"

ಅತ್ತೆಗೆ ಇದನ್ನು ಹೇಳಿದರೆ ನಿಟ್ಟುಸಿರು ಬಿಟ್ಟರು. "ನನ್ನ ನೋಡೋಕೆ ಬಂದಾಗ 'ಹುಡುಗಿ ಲಕ್ಷಣವಾಗಿದಾಳೆ' ಅಂದಿದ್ರಪ್ಪ. ಎಷ್ಟು ಹಿಗ್ಗಿದ್ದೆ! ಮದ್ವೆಯಾದ್ಮೇಲೆ ಗೊತ್ತಾಯ್ತು, ಇವ್ರು ಅದನ್ನ ಇಂಜಿನ್‌ಗೂ ಹೇಳ್ತಾರೆ ಅಂತ."

ಹೋದ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಮಾವನ ಅರ್ಧ ಮುಖ ಇದ್ದಕ್ಕಿದ್ದಂತೆ ಸೋತುಹೋಯಿತು. ನರದ ತೊಂದರೆ, ವಾಸಿಯಾಗುತ್ತದೆ ಎಂದರು ಡಾಕ್ಟರು. ಬಹುಪಾಲು ಆಯಿತು ಕೂಡ. ಮಾತಾಡುವಾಗ ಮಾತ್ರ ಬಾಯಿ ಒಂದು ಕಡೆಗೆ ಎಳೆಯುತ್ತಿತ್ತು. ಶನಿವಾರದ ರೈಲು ಬಿಟ್ಟರೆ ಅವರು ಎಲ್ಲಿಗೂ ಹೋಗುತ್ತಿರಲಿಲ್ಲ. ನಮ್ಮ ಕನ್ನಡ ಸಂಘದ ಯುಗಾದಿ ಕಾರ್ಯಕ್ರಮಕ್ಕೆ ಹಟ ಹಿಡಿದು ಎಳೆದು ತಂದವನೂ ಈ ಮಹಾನುಭಾವನೇ. "ಬರ್ಲೇಬೇಕು ಮಾಮ, ನಿಮ್ಮದೇ ಐಟಂ!"

ವೇದಿಕೆಯ ಮೇಲೆ ಫ್ರಿಜ್ಜು ಬಂತು, ಟ್ರಿಮ್ಮರ್ ಬಂತು, ಅಮೆರಿಕನ್ ಅಜ್ಜನೂ ಬಂದ. ಸಭೆ ಬಿದ್ದು ಬಿದ್ದು ನಕ್ಕಿತು. ಮುಂದಿನ ಸಾಲಿನಲ್ಲಿ ಮಾವ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದರು. ನಾನು ಉಬ್ಬಿಹೋದೆ. ಅಣಕಿಸುವವನು ಧ್ವನಿಯನ್ನು ಹಿಡಿದರೆ ಸಾಕು, ಮುಖ ತಾನಾಗಿ ಹಿಂದೆ ಬರುತ್ತದೆ ಸ್ವಾಮಿ. "ಒಂದು ಲಕ್ಷಣ ಬೇಡ್ವಾ?" ಎಂದೆ. ನನ್ನ ಬಾಯಿ ಸೊಟ್ಟಗಾಗಿತ್ತು.

ಜನ ಇನ್ನೂ ಜೋರಾಗಿ ನಕ್ಕರು. ಮಾವ ಕರವಸ್ತ್ರ ತೆಗೆದು ಬಾಯಿಗೆ ಅಡ್ಡ ಹಿಡಿದರು. ಊಟಕ್ಕೆ ನಿಲ್ಲಲಿಲ್ಲ.

ಆ ಶನಿವಾರ ಫೋನ್ ಮಾಡಿದರೆ ಅತ್ತೆ ಎತ್ತಿಕೊಂಡರು. "ಬರಲ್ವಂತೆ ಕಣೋ. ಬಾತ್‌ರೂಮ್ ಕನ್ನಡಿಗೆ ಟವೆಲ್ ಹಾಕಿದಾರೆ." ಆಮೇಲಿನ ಶನಿವಾರವೂ ಅದೇ ಉತ್ತರ. ಹೋಗಿ ಕ್ಷಮೆ ಕೇಳೋ ಎಂದು ನನಗೆ ನಾನೇ ಹೇಳಿಕೊಂಡೆ. ಡೆನ್ನಿ ಟ್ರಯಾಂಗಲ್‌ನ ನನ್ನ ಆಫೀಸಿನ ಲಿಫ್ಟಿನಲ್ಲಿ ಅಭ್ಯಾಸವನ್ನೂ ಮಾಡಿದೆ. ಎಂಥ ನಾಚಿಕೆಗೇಡು ನೋಡಿ, ಪ್ರತಿ ಸಲವೂ ಅದು ಇನ್ಯಾರದೋ ಧ್ವನಿಯಲ್ಲೇ ಹೊರಡುತ್ತಿತ್ತು!

ಮೂರನೆಯ ಶನಿವಾರ ಹೇಳದೆ ಕೇಳದೆ ಹೋಗಿ ಅವರೆದುರು ನಿಂತೆ. ಸೋಫಾದಲ್ಲಿ ಕೂತಿದ್ದ ಮಾವ ತಲೆಯೆತ್ತಲಿಲ್ಲ.

"ಮಾಮ, ತಪ್ಪಾಯ್ತು. ಬೇಕಂತ ಮಾಡಿದ್ದಲ್ಲ... ಆದ್ರೂ ಮಾಡಿದ್ದು ನಾನೇ. ಇನ್ಮೇಲೆ ನಿಮ್ಮನ್ನ ಯಾವತ್ತೂ ಅಣಕಿಸಲ್ಲ."

"ಎಲ್ಲಿ, ಇನ್ನೊಂದ್ಸಲ ಮಾಡು."

"ಮಾಮ, ಬೇಡ..."

"ಮಾಡೋ ಅಂದ್ನಲ್ಲ!"

ಮಾಡಿದೆ. ಕಣ್ಣಲ್ಲಿ ನೀರು ತುಂಬಿಕೊಂಡು ಬಾಯಿ ಸೊಟ್ಟ ಮಾಡಿಕೊಂಡು ನಿಂತೆ. ಮಾವ ಎದ್ದು ಬಂದು, ಅಪರೂಪದ ಇಂಜಿನ್ ನೋಡುವವರಂತೆ ನನ್ನ ಮುಖವನ್ನು ಹತ್ತಿರದಿಂದ ನೋಡಿದರು. ಗಲ್ಲ ಹಿಡಿದು, ಹೆಬ್ಬೆರಳಿನಿಂದ ನನ್ನ ಬಾಯಿಯನ್ನು ಮೆಲ್ಲಗೆ ಇನ್ನೊಂದು ಪಕ್ಕಕ್ಕೆ ತಳ್ಳಿದರು.

"ಎಡಕ್ಕಲ್ವೋ ಕತ್ತೆ, ಬಲಕ್ಕೆ! ಮಾಡೋನಿಗೆ ಸರಿಯಾಗಿ ನೋಡ್ಕೊಂಡು ಮಾಡೋಕೇನು ಧಾಡಿ?"